ಸಾಹೇಬರಿಗೆ ಕಟ್ಟಿದ ಸ್ಲೈಡರ್

ಎರಡು ಸ್ಲೈಡರುಗಳನ್ನು ಒಂದಕ್ಕೊಂದು ಕಟ್ಟಿದ್ದೇ ತಪ್ಪಾಯಿತು.

ಠಾಣೆ ನಗರದ ಹತ್ತಿರದ ಮಹಾಪೆಯ ಆ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಯಾರ ಕೆಲಸ ಹೇಗಿದೆಯೆಂದು ಮಾರ್ಕು ಹಾಕಲು ಒಂದು ಪ್ರೋಗ್ರಾಮ್ ಬೇಕಿತ್ತು. ಬರೆದವನು ಲತೀಶ. ತೆರೆಯ ಮೇಲೆ ಪ್ರತಿ ಹೆಸರಿನ ಮುಂದೆ ಒಂದು ಸ್ಲೈಡರ್. ಮೌಸಿನಿಂದ ಎಳೆದರೆ ಸೊನ್ನೆಯಿಂದ ಹತ್ತರವರೆಗೆ ಜಾರುವ ಗುಂಡಿ. ಒಂದನ್ನು ಸರಿಸಿದರೆ ಇನ್ನೊಂದೂ ಸರಿಯುವಂತೆ ಬೈಂಡ್ ಮಾಡಿ ನೋಡಲು ಅವನಿಗೆ ಎರಡು ಹೆಸರು ಬೇಕಿದ್ದವು. ಒಂದು ತನ್ನದೇ. ಇನ್ನೊಂದು, ಹಗಲಿರುಳೂ ತಲೆಯಲ್ಲಿ ಕೂತಿರುತ್ತಿದ್ದ ಮ್ಯಾನೇಜರ್ ಹರಿಶ್ಚಂದ್ರ ಸಾಹೇಬರದು. ಪ್ರಯೋಗ ಗೆದ್ದಿತು. ಕಟ್ಟಿದ್ದನ್ನು ಬಿಚ್ಚುವುದು ಮರೆತುಹೋಯಿತು.

ನೆನಪಾದದ್ದು ಮಾರ್ಕು ಹಾಕುವ ದಿನ ಬೆಳಿಗ್ಗೆ, ಮನೆಯಿದ್ದ ಸಾನಪಾಡಾದಿಂದ ಬಸ್ಸಿನಲ್ಲಿ ನೇತಾಡುತ್ತ ಬರುವಾಗ. ನಾಲ್ಕಕ್ಕಿಂತ ಕಡಿಮೆ ಬಂದವರಿಗೆ ಈ ಸಲ ಕೆಲಸವಿಲ್ಲ ಎಂದಿದ್ದರು ಹೆಡ್ ಆಫೀಸಿನವರು. ಸಾಹೇಬರು ತನಗೆ ಎರಡು ಕೊಟ್ಟರೆ ಅವರಿಗೂ ಎರಡೇ. ಆ ಪ್ರೋಗ್ರಾಮ್ ಈಗ ಇದ್ದದ್ದು ಸಾಹೇಬರ ಕ್ಯಾಬಿನ್ನಿನ ಕಂಪ್ಯೂಟರಿನಲ್ಲಿ ಮಾತ್ರ.

"ಎಂತದು, ಮುಖ ಸುಣ್ಣದ ಹಾಗಾಗಿದೆ?" ಎಂದಳು ಪಕ್ಕದ ಮೇಜಿನ ಉಡುಪಿಯ ಜಯಲತಾ.

ಅವನು ಹೇಳಿದ.

"ಹೋಗಿ ಒಪ್ಪಿಕೊ ಮಾರಾಯ. ಬೈದಾರು. ತಿಂತಾರಾ?"

"ತಿನ್ನೂದಿಲ್ರಿ ಅಕ್ಕಾರ, ನುಂಗ್ತಾರ." ಕಲಬುರಗಿಯ ಅಂಬಾದಾಸ ಪರರ ಸಂಕಟದ ವಾಸನೆ ಹಿಡಿದು ಕುರ್ಚಿಯ ಚಕ್ರದ ಮೇಲೆ ಉರುಳಿಕೊಂಡೇ ಬಂದಿದ್ದ. "ಊಟದ ಟೈಮಿಗೆ ನಾ ಸಾಹೇಬ್ರನ್ನ ಕ್ಯಾಂಟೀನಿನಾಗ ಕೂಡಿಸ್ಕೋತೀನಿ. ನೀ ಕ್ಯಾಬಿನ್ನಿಗೆ ಹೋಗಿ ಬಿಚ್ಚಿ ಬಾ ತಮ್ಮಾ. ಅಕ್ಕಾರು ಬಾಗಲ್ದಾಗ ನಿಲ್ಲಲಿ. ಸಾಹೇಬ್ರು ಬಂದ್ರ ಕೆಮ್ಮಲಿ."

"ಬೇಕೆಂದಾಗ ಕೆಮ್ಮು ಬರುವುದಿಲ್ಲಪ್ಪ ನಂಗೆ."

"ನನ್ನ ಡಬ್ಬ್ಯಾಗ ಶೇಂಗಾ ಚಟ್ನಿ ಅದ. ಚೂರು ಬಾಯಾಗ ಇಟ್ಕೊಂಡಿರ್ರಿ."

ಮಧ್ಯಾಹ್ನ ಲತೀಶ ಸಾಹೇಬರ ಕುರ್ಚಿಯ ತುದಿಯಲ್ಲಿ ಕೂತ. ಅಳಿಸಬೇಕಾದದ್ದು ಎರಡು ಸಾಲು. ತನ್ನ ಸ್ಲೈಡರು ಜಾರಿದರೆ ಸಾಹೇಬರದೂ ಜಾರಲಿ ಎನ್ನುವುದು ಮೊದಲನೆಯದು. ಸಾಹೇಬರದು ಜಾರಿದರೆ ತನ್ನದೂ ಜಾರಲಿ ಎನ್ನುವುದು ಎರಡನೆಯದು. ಮೊದಲನೆಯದನ್ನು ಅಳಿಸಿದ್ದನಷ್ಟೆ, ಬಾಗಿಲಲ್ಲಿ ಕೆಮ್ಮು ಸಿಡಿಯಿತು. ಸಾಹೇಬರನ್ನು ಇಳಿಸುವ ಸಾಲಂತೂ ಹೋಯಿತಲ್ಲ, ಇನ್ನೊಂದು ಇದ್ದರೇನು ಎಂದುಕೊಂಡು, ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡಿ ಹೊರಗೆ ಹಾರಿದ.

ಹೊರಗೆ ಜಯಲತಾ ಒಬ್ಬಳೇ ಕಣ್ಣು ಮೂಗು ಸುರಿಸುತ್ತ ನಿಂತಿದ್ದಳು. "ನೀರು ಕೊಡು... ಚಟ್ನಿಯಾ ಅದು? ಬೆಂಕಿ."

ಮತ್ತೆ ಒಳಗೆ ಹೋಗುವಷ್ಟರಲ್ಲಿ ಸಾಹೇಬರು ನಿಜವಾಗಿಯೂ ಬಂದರು.

ಮೂರೂವರೆಗೆ ಕರೆ ಬಂತು. ಲತೀಶ ಒಳಗೆ ಹೋದಾಗ ಸಾಹೇಬರು ತೆರೆಯನ್ನು ಅವನ ಕಡೆ ತಿರುಗಿಸಿದರು. ಅವನ ಹೆಸರಿನ ಮುಂದೆ ಒಂಬತ್ತು.

"ನೀನು ಮಾತಾಡುವುದಿಲ್ಲ, ಕೆಲಸ ಮಾಡ್ತಿ. ಇಂಥವರು ಸಿಕ್ಕುವುದಿಲ್ಲ ಮಾರಾಯ," ಎಂದರು. "ನನ್ನ ಮಾರ್ಕು ಹಾಕುವುದು ಠಾಣೆಯ ಹೆಡ್ ಆಫೀಸಿನವರು. ಅಲ್ಲಿಂದಲೇ ಈ ಕಂಪ್ಯೂಟರಿಗೆ ಕನೆಕ್ಟ್ ಆಗ್ತಾರೆ. ಕೂತುಕೋ, ನೋಡುವ."

ಒಂಬತ್ತು. ಲತೀಶನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

ಆಗ, ಯಾರ ಕೈಯೂ ಮೌಸಿನ ಮೇಲಿಲ್ಲದೆ, ತೆರೆಯ ಮೇಲಿನ ಬಾಣ ಅಲುಗಿತು. ಸಾಹೇಬರ ಸ್ಲೈಡರನ್ನು ಹಿಡಿಯಿತು. ಐದು, ನಾಲ್ಕು, ಮೂರು. ಎರಡಕ್ಕೆ ನಿಂತಿತು. ನಾಲ್ಕು ಹೆಸರು ಕೆಳಗೆ ಲತೀಶನ ಒಂಬತ್ತು, ಯಾರೂ ಮುಟ್ಟದೆ, ಸಾಹೇಬರದರ ಜೊತೆಗೇ ಬಂದು ಎರಡಕ್ಕೆ ಕೂತಿತು. ಬಾಣ ಸೇವ್ ಒತ್ತಿ ಮಾಯವಾಯಿತು.

ಸಾಹೇಬರು ತೆರೆಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು.

"ನನ್ನನ್ನು ತೆಗೆದರು, ಸರಿ," ಎಂದರು. "ನಿನ್ನನ್ನು ಯಾಕೆ? ನೀನೆಂತ ಮಾಡಿದ್ದೆ?" ಅವರು ಫೋನೆತ್ತಿಕೊಂಡರು. "ಇದು ಪ್ರೋಗ್ರಾಮಿನ ತಪ್ಪೇ ಇರಬೇಕು. ಹಾಗಂತ ಹೇಳ್ತೇನೆ, ನಿನ್ನದಾದರೂ ಉಳಿಯಲಿ. ಎಲ್ಲಿಯಾದರೂ ತಪ್ಪಿದೆಯಾ ಅದರಲ್ಲಿ? ಹೇಳು."

ಪ್ರೋಗ್ರಾಮಿನ ಬಗ್ಗೆ ಕೇಳಿದರೆ ಹೇಳಲೆಂದು ಬೆಳಗಿನಿಂದ ಒಂದೇ ಉತ್ತರವನ್ನು ಲತೀಶ ಅಭ್ಯಾಸ ಮಾಡಿಟ್ಟುಕೊಂಡಿದ್ದ. ಅದೇ ಹೊರಬಂತು.

"ಇಲ್ಲ ಸಾರ್. ಪ್ರೋಗ್ರಾಮ್ ಸರಿಯಾಗಿಯೇ ಇದೆ."