ಮಿಲಿಟರಿ ಲಾರಿಯ ಬಲಗಡೆಯ ಸೀಟು

ನಾನು ಕಾನ್ವೆಂಟಿನಲ್ಲಿ ಓದಿದವಳು. ಸುಳ್ಳು ಹೇಳುವುದು ಪಾಪ ಎಂದು ಅಲ್ಲಿಯ ಸಿಸ್ಟರುಗಳು ದಿನಾ ಬೆಳಿಗ್ಗೆ ಕಲಿಸುತ್ತಿದ್ದರು. ಆದರೆ ಯಾರೂ ಕೇಳದಿದ್ದಾಗ ಬಾಯಿ ಮುಚ್ಚಿಕೊಂಡಿರುವುದು ಪಾಪವೋ ಅಲ್ಲವೋ ಎಂಬುದನ್ನು ಯಾರೂ ಕ್ಲಿಯರ್ ಮಾಡಿರಲಿಲ್ಲ. ಆ ಸಣ್ಣ ಸಂದಿಯೊಳಗೆ ತೂರಿಕೊಂಡು ನಾನು ಮೂರು ವರ್ಷ ಸಂಸಾರ ಮಾಡಿದೆ. ವಿಷಯ ಇಷ್ಟೇ: ನನಗೆ ದೂರದ್ದು ಕಾಣುತ್ತಿರಲಿಲ್ಲ. ಆರನೇ ಇಯತ್ತೆಯಿಂದ ಚಷ್ಮಾ ಹಾಕಿಕೊಂಡವಳು. ಧಾರವಾಡದ ನಮ್ಮ ಮನೆಗೆ ಹಳಿಯಾಳದ ವ್ಯಾಪಾರಸ್ಥರು ಹೆಣ್ಣು ನೋಡಲು ಬಂದ ದಿನ, ನಮ್ಮವ್ವ ನನ್ನ ಕೈಗೆ ಅವಲಕ್ಕಿಯ ತಾಟು ಕೊಡುವ ಮೊದಲು ಮೂಗಿನ ಮೇಲಿನ ಚಷ್ಮಾ ತೆಗೆದು ತನ್ನ ಸೆರಗಿನ ಗಂಟಿಗೆ ಸೇರಿಸಿಬಿಟ್ಟಳು. "ಚಷ್ಮಾದ ಹುಡುಗಿ ಯಾರಿಗೆ ಬೇಕವಾ. ಸುಮ್ಮ ನೆಲಾ ನೋಡಕೋತ ನಡಿ, ಮರ್ಯಾದಿನೂ ಆಕ್ಕೈತಿ, ಎಡವೂದೂ ಇಲ್ಲ" ಎಂದಳು. ಲಗ್ನವಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಚಷ್ಮಾ ನನ್ನ ಹಳೆಯ ಸ್ಕೂಲ್ ಸ್ವೆಟರಿನ ತೋಳಿನೊಳಗೆ ಕೂತು ಟ್ರಂಕಿನಲ್ಲಿ ದಾಂಡೇಲಿಗೆ ಬಂತು, ಅಲ್ಲೇ ಉಳಿಯಿತು. ನಮ್ಮವರು ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಮನೆಯೊಳಗೆ ತೊಂದರೆಯಿರಲಿಲ್ಲ. ಎರಡು ಮಾರು ದೂರದವರೆಗೆ ನನಗೆ ಎಲ್ಲ ಸ್ವಚ್ಛ ಕಾಣುತ್ತಿತ್ತು. ಸಂಸಾರಕ್ಕೆ ಅಷ್ಟು ಸಾಕು. ಎಷ್ಟೋ ಸಲ ಅಷ್ಟು ಕೂಡ ಹೆಚ್ಚು.

ಮದುವೆಯಾದ ಮರುವರ್ಷ ಲಾರಿ ಬಂತು. ಬೇರೆಯವರ ಗಂಡಂದಿರಿಗೆ ಇಸ್ಪೀಟು, ಬೇಟೆ, ನಾಟಕ ಎಂದು ಹಾಬಿಗಳಿದ್ದವು. ನಮ್ಮವರು ಬೆಳಗಾವಿಗೆ ಹೋಗಿ, ಮಿಲಿಟರಿಯವರು ಬೇಡವೆಂದು ಹರಾಜಿಗಿಟ್ಟ ಒಂದು ಲಾರಿ ತಂದರು. ಮಹಾಯುದ್ಧದ ಕಾಲಕ್ಕೆ ಅಮೆರಿಕದವರು ತಂದು ಬಿಟ್ಟುಹೋದದ್ದು. ಮುಂದಿನ ಚಕ್ರಗಳೂ ಎಳೆಯುತ್ತವೆ, ನದಿಯಲ್ಲಿಳಿಸಿದರೂ ನಡೆಯುತ್ತದೆ ಎಂದು, ಹೊಸ ಸೊಸೆಯ ಗುಣ ಹೇಳುವ ಅತ್ತೆಯ ಹಾಗೆ ಓಣಿಯವರಿಗೆಲ್ಲ ಹೇಳಿದರು. ಭಾನುವಾರ ಬೆಳಿಗ್ಗೆ ನನಗಿಂತ ಮೊದಲು ಅದಕ್ಕೆ ಸ್ನಾನ. ನೆರೆಯ ಶಿವಪ್ಪಜ್ಜ ಬೇಲಿಯ ಆಚೆ ನಿಂತು ವಿಚಾರಿಸುತ್ತಿದ್ದ.

"ಬಾಡಿಗಿಗೆ ಬಿಡ್ತೀರೇನ್ರಿ?"

"ಇಲ್ರಿ."

"ಕಟಗಿ ನಾಟಾ ಹೇರತೀರಿ?"

"ಇಲ್ಲ."

"ಮತ್ತ ಇಷ್ಟ ದೊಡ್ಡ ಗಾಡಿಗೆ ಲೋಡ್ ಏನ್ರಿ?"

"ನಮ್ಮ ಮನಿಯವರ ಅದಾರಲ್ರಿ" ಎಂದು ಇವರು ನನ್ನತ್ತ ಕೈ ಮಾಡಿದರು. ಶಿವಪ್ಪಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, ಲೋಡು ಕಮ್ಮಿಯಾಯಿತು ಎಂಬಂತೆ ತಲೆಯಾಡಿಸಿದ.

ನನ್ನ ಕಷ್ಟ ಸುರುವಾದದ್ದು ಆ ಲಾರಿಯ ಸ್ಟೇರಿಂಗಿನಿಂದ. ಅದು ಎಡಗಡೆಗಿತ್ತು. ಅಮೆರಿಕದವರು ರಸ್ತೆಯ ಬಲಕ್ಕೆ ಹೋಗುವ ಜನವಂತೆ. ನಾವು ಎಡಕ್ಕೆ ಹೋಗುವವರು. ಹೀಗಾಗಿ ನಮ್ಮವರು ಗಟಾರದ ಮಗ್ಗುಲಿಗೆ ಕೂತು ಓಡಿಸುತ್ತಿದ್ದರು. ರಸ್ತೆಯ ನಡುವಿಗೆ, ಎಲ್ಲ ಲಾರಿಯಲ್ಲಿ ಡ್ರೈವರ್ ಇರುವ ಜಾಗದಲ್ಲಿ, ಕುಂಕುಮ ಇಟ್ಟು ಬಳೆ ತೊಟ್ಟು ನಾನು. ಬಲಕ್ಕೆ ಹೊರಳುವಾಗ ಕೈ ಚಾಚಿ ಹ್ಯಾಂಡ್ ಸಿಗ್ನಲ್ ಕೊಡುವವಳು ನಾನೇ. ಕುಳಗಿಯ ಅರಣ್ಯ ನಾಕಾದ ಗಾರ್ಡ್ ಮೊದಲ ಸಲ ನನ್ನ ಕಿಟಕಿಯ ಕೆಳಗೆ ಬಂದು ಸಲಾಮು ಹೊಡೆದ. ಆಮೇಲೆ ನನ್ನ ಕೈಯಲ್ಲಿ ಸ್ಟೇರಿಂಗ್ ಇಲ್ಲದ್ದು ನೋಡಿ, ಲಾರಿ ತಾನೇ ಬಂದಿದೆಯೆಂದು ಎರಡು ಹೆಜ್ಜೆ ಹಿಂದೆ ಸರಿದ. ಪೋರ್ತುಗೀಜರನ್ನು ಓಡಿಸಲು ಗೋವಾಕ್ಕೆ ದಂಡು ಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಜೋಯಿಡಾ ಕಡೆಯ ಹಳ್ಳಿಗಳಲ್ಲಿ ನಮ್ಮನ್ನು ಕಂಡವರು ಹಗ್ಗದ ಮೇಲಿನ ಬಟ್ಟೆ ಒಳಗೆ ಒಯ್ಯುತ್ತ, "ಮತ್ತ ಸುರು ಆತೇನ್ರಿ ಬಾಯಾರ?" ಎಂದು ನನ್ನನ್ನೇ ಕೇಳುತ್ತಿದ್ದರು, ದಂಡಿನ ಮುಖ್ಯಸ್ಥೆ ನಾನೇ ಎಂಬಂತೆ.

ಇದೆಲ್ಲ ನಗುವ ಸಂಗತಿ. ನಗಲಾರದ್ದು ಬೇರೆ ಇತ್ತು. ಮುಂದೊಂದು ಎತ್ತಿನ ಚಕ್ಕಡಿ ಹೋಗುತ್ತಿದ್ದರೆ, ಎಡಕ್ಕೆ ಕೂತ ಇವರಿಗೆ ಅದರಾಚೆ ಏನು ಬರುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ಬಲಕ್ಕೆ ಕೂತವರು ತಲೆ ಹೊರಗೆ ಹಾಕಿ ನೋಡಿ ಹೇಳಬೇಕು. "ನೀನು ನನ್ನ ಬಲಗಣ್ಣು ಇದ್ದಂಗ" ಎಂದು ಮೊದಲ ದಿನವೇ ಇವರು ಹೇಳಿದರು. ಬೇರೆ ಹೆಂಗಸಾಗಿದ್ದರೆ ಅದನ್ನು ರೋಮ್ಯಾಂಟಿಕ್ ಎಂದುಕೊಳ್ಳುತ್ತಿದ್ದಳು. ನಾನು ಸೀಟಿನ ಅಂಚು ಹಿಡಿದುಕೊಂಡೆ. ನನಗೆ ಕಾಣುತ್ತಿದ್ದುದು ಹಸಿರು ಮುದ್ದೆ, ಅದರ ನಡುವೆ ಕೆಂಪು ಪಟ್ಟಿ. ಪಟ್ಟಿಯ ತುದಿಯಲ್ಲಿ ಒಂದು ಕಂದು ಚುಕ್ಕೆ ಕಂಡರೆ ಅದು ಎಮ್ಮೆಯಿರಬಹುದು, ಮರದ ನೆರಳಿರಬಹುದು, ಮುಗಿಲಿನ ತನಕ ನಾಟಾ ಹೇರಿಕೊಂಡು ಇಳಿಜಾರಿನಲ್ಲಿ ಬರುವ ಲಾರಿಯೂ ಇರಬಹುದು. ನನ್ನ ಒಂದು ತಪ್ಪು ಮಾತಿಗೆ ಇಬ್ಬರೂ ಹೋಗುತ್ತೇವೆ. ನಿಜ ಹೇಳಿದರೆ, ಮೋಸ ಮಾಡಿ ಮಗಳನ್ನು ಸಾಗಹಾಕಿದರು ಎಂದು ಹಳಿಯಾಳದಲ್ಲಿ ನಮ್ಮವ್ವನ ಹೆಸರು ಹೋಗುತ್ತದೆ. ಆದ್ದರಿಂದ ನಾನು ಮೂರನೆಯ ದಾರಿ ಹಿಡಿದೆ. ಯಾವಾಗ ಕೇಳಿದರೂ "ತಡೀರಿ" ಎಂದೆ.

ಎರಡು ವರ್ಷ "ತಡೀರಿ" ಎಂದೆ. ನದಿಯಲ್ಲಿ ನಡೆಯಬಲ್ಲ ಆ ಲಾರಿ ಎರಡು ವರ್ಷ ಒಂದೇ ಒಂದು ಚಕ್ಕಡಿಯನ್ನೂ ಹಿಂದೆ ಹಾಕಲಿಲ್ಲ. ಭಾನುವಾರ ಅತ್ತೆಯ ಮನೆಗೆ ಹಳಿಯಾಳಕ್ಕೆ ಹೊರಟರೆ, ಹುಲ್ಲಿನ ಬಂಡಿಯ ಹಿಂದೆ ಹುಲ್ಲು ಉದುರಿಸಿಕೊಳ್ಳುತ್ತ, ಫಸ್ಟ್ ಗೇರಿನಲ್ಲಿ ಮೆರವಣಿಗೆ. ಸೈಕಲ್ಲಿನವರು ನಮ್ಮನ್ನು ದಾಟಿ ಹೋಗುವಾಗ ಮುಖ ತಿರುಗಿಸಿ ನೋಡುತ್ತಿದ್ದರು. ಮುಂಡಗೋಡಿನ ಒಂದು ಮದುವೆಗೆ ನಾವು ಮುಟ್ಟುವ ಹೊತ್ತಿಗೆ ಅಕ್ಕಿಕಾಳು ಬಿದ್ದು, ಊಟವಾಗಿ, ಮದುಮಕ್ಕಳು ಬಟ್ಟೆ ಬದಲಿಸಿ ಕೂತಿದ್ದರು. "ಲಾರಿ ಕೆಟ್ಟಿತ್ತೇನ್ರಿ?" ಎಂದು ಯಾರೋ ಕೇಳಿದರು. "ಇಲ್ರಿ, ಲಾರಿ ಛಲೋ ಐತಿ" ಎಂದರು ಇವರು. ಅಷ್ಟೇ ಎಂದರು. ಮೊದಮೊದಲು ಸ್ಟೇರಿಂಗ್ ಹಿಡಿದಾಗ ಸಿಳ್ಳೆ ಹಾಕುತ್ತಿದ್ದವರು, ಯಾವಾಗ ನಿಲ್ಲಿಸಿದರೋ ನನಗೆ ನೆನಪಿಲ್ಲ. ನಿಲ್ಲಿಸಿದ್ದಾರೆ ಎಂದು ಒಂದು ದಿನ ಹೊಳೆಯಿತು. ಹೇಳಿಬಿಡಬೇಕೆಂದು ಕನ್ಫೆಷನ್ನಿನ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ತಯಾರು ಮಾಡಿಕೊಳ್ಳುತ್ತಿದ್ದೆ. ಇಂಗ್ಲಿಷಿನಲ್ಲಿ ಎಲ್ಲ ಸರಿಯಾಗಿ ಬರುತ್ತಿತ್ತು. ಇವರ ಮುಖ ನೋಡಿದರೆ ಕನ್ನಡ ಬರುತ್ತಿರಲಿಲ್ಲ.

ಒಂದು ಭಾನುವಾರ ಸೂಪಾದ ಕಡೆ ಹೋಗಿ, ಲಾರಿಗೆ ಹೊಳೆಯ ನೀರು ಕುಡಿಸಿ, ದಾಂಡೇಲಿಗೆ ಮರಳುತ್ತಿದ್ದೆವು. ಕಾಡಿನ ರಸ್ತೆಯ ಪಕ್ಕದಲ್ಲಿ ಒಬ್ಬ ಸಿದ್ದಿ ಮುದುಕಿ ಎರಡೂ ಕೈ ಎತ್ತಿ ನಿಂತಿದ್ದಳು. ಕುಳಗಿಯಲ್ಲಿ ಜೇನು ಮಾರಲು ಬರುತ್ತಿದ್ದ ಮರಿಯಾಬಾಯಿ. ಹತ್ತಿರ ಬಂದ ಮೇಲೆ ನನಗೆ ಗುರುತು ಸಿಕ್ಕಿತು. ಹಿಂದೆ ಕಲ್ಲಿನ ಮೇಲೆ ಅವಳ ಸೊಸೆ, ತುಂಬಿದ ಬಸುರಿ, ತುಟಿ ಕಚ್ಚಿಕೊಂಡು ಕೂತಿದ್ದಳು.

"ಸಾಹೇಬ್ರ, ಕೂಸು ಅಡ್ಡ ಆಗೇತಿ. ನನ್ನ ಕೈಲೆ ಆಗಂಗಿಲ್ಲ, ದವಾಖಾನಿಗೆ ಒಯ್ಯಬೇಕು. ಮುಂಜಾನಿಂದ ಮೋಟಾರ ಹಾದಿ ಕಾಯಾಕತ್ತೀವಿ" ಎಂದಳು ಮರಿಯಾಬಾಯಿ. ನಾಲ್ಕೂರಿನ ಹೆರಿಗೆ ಮಾಡಿಸಿದವಳು ಅವಳೇ. ಅವಳ ಕೈಯಲ್ಲಿ ಆಗುವುದಿಲ್ಲವೆಂದರೆ ಮುಗಿಯಿತು.

ಹಿಂದೆ ಜಮಖಾನೆ ಹಾಸಿ ಸೊಸೆಯನ್ನು ಮಲಗಿಸಿದೆವು, ಮುದುಕಿ ಪಕ್ಕಕ್ಕೆ ಕೂತಳು. ಮೈಲು ದಾಟುವುದರೊಳಗೆ ನಮ್ಮ ಮುಂದೆ, ನಮ್ಮ ದಾರಿಯಲ್ಲೇ ಹೊರಟ ನಾಟಾದ ಚಕ್ಕಡಿಗಳ ಸಾಲು. ಏಳೋ ಎಂಟೋ ಇದ್ದವು. ಒಂದೊಂದರ ಹಿಂದೆಯೂ ಸಾಗವಾನಿಯ ದಿಮ್ಮಿ ಚಾಚಿ, ತುದಿಗೆ ಕೆಂಪು ಚಿಂದಿ. ಹಿಂದಿನಿಂದ ಹುಡುಗಿಯ ನರಳಿಕೆ ಕೇಳುತ್ತಿತ್ತು. ಇವರು ಹಾರ್ನ್ ಒತ್ತಿ, ನನ್ನತ್ತ ನೋಡದೆ ಕೇಳಿದರು, "ಏನರ ಬರಾಕತ್ತೈತೇನು?"

ನಾನು ತಲೆ ಹೊರಗೆ ಹಾಕಿದೆ. ಹಸಿರು ಮುದ್ದೆ, ಕೆಂಪು ಪಟ್ಟಿ, ಕಂದು ಚುಕ್ಕೆ. ತಡೀರಿ ಎಂದರೆ ಹಿಂದೆ ಎರಡು ಜೀವ. ಹೋಗಿರಿ ಎಂದರೆ ಐದು. ತಲೆ ಒಳಗೆಳೆದುಕೊಂಡೆ.

"ರೀ, ನನಗ ಕಾಣಂಗಿಲ್ಲ."

"ಮುಂದ ಬಾಗಿ ನೋಡು."

"ಎಷ್ಟ ಬಾಗಿದ್ರೂ ಕಾಣಂಗಿಲ್ಲ. ನನಗ ದೂರದ್ದು ಏನೂ ಕಾಣಂಗಿಲ್ಲ. ಮೊದಲಿಂದನೂ. ಪ್ಲೀಸ್, ಗಾಡಿ ನಿಂದರಸ್ರಿ."

ಗಾಡಿ ನಿಂತಿತು. ಇವರ ಮುಖ ನೋಡುವ ಧೈರ್ಯವಾಗದೆ ನಾನು ಜಿಗಿದಿಳಿದು ಹಿಂದಕ್ಕೆ ಓಡಿದೆ. "ಮರಿಯಾಬಾಯಿ, ಮುಂದ ಹೋಗಿ ಕುಂದ್ರವಾ. ಎದುರಿಗೆ ಏನು ಬರತೈತಿ ಸಾಹೇಬ್ರಿಗೆ ಹೇಳು. ಇಕಿನ್ನ ನಾ ಹಿಡಕೋತೀನಿ."

ಜೇನಿನ ನೊಣ ಯಾವ ಮರಕ್ಕೆ ಹೋಗುತ್ತದೆಂದು ನೆಲದ ಮೇಲೆ ನಿಂತು ನೋಡುವ ಕಣ್ಣು ಅವಳದು. ಒಂದು ಗಳಿಗೆಯಲ್ಲಿ ಅವಳ ದನಿ ಇಂಜಿನ್ನಿನ ಗದ್ದಲವನ್ನೂ ಮೀರಿ ಬಂತು: "ನಡೀರಿ ಸಾಹೇಬ್ರ, ರಸ್ತಾ ಖಾಲಿ. ಇನ್ನೂ ನಡೀರಿ. ಹಾಂ, ಈಗ ಜರಾ ನಿಂದರ್ರಿ, ಸೈಕಲ್ ಬರಾಕತ್ತೈತಿ. ನಡೀರಿ." ಲಾರಿ ಹಾರಿತು. ನಾನು ಹುಡುಗಿಯ ತಲೆ ತೊಡೆಯ ಮೇಲಿಟ್ಟುಕೊಂಡು ಹಿಂದಕ್ಕೆ ಮುಖ ಮಾಡಿ ಕೂತಿದ್ದೆ. ಲಾರಿಯ ತೆರೆದ ಹಿಂಬದಿಯಾಚೆ ನಾವು ದಾಟಿದ ಗಾಡಿಗಳು ಒಂದೊಂದಾಗಿ ಜಾರುತ್ತಿದ್ದವು. ಎರಡು ವರ್ಷದಲ್ಲಿ ನಾನು ಎತ್ತುಗಳ ಮುಖ ನೋಡಿದ್ದು ಅವತ್ತೇ. ಅಲ್ಲಿಯವರೆಗೆ ಬಾಲವಷ್ಟೇ ಪರಿಚಯ. ಹುಡುಗಿ ನನ್ನ ಬಳೆ ಒಡೆಯುವಷ್ಟು ಗಟ್ಟಿಯಾಗಿ ಕೈ ಹಿಡಿದಿದ್ದಳು. ನಾನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿದೆ. ಶಿವನಿಗೆ ಒಂದು, ಮೇರಿಗೆ ಒಂದು.

ದವಾಖಾನೆಯಲ್ಲಿ ಸಂಜೆಗೆ ಮುಂಚೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಆರಾಮ ಎಂದು ನರ್ಸ್ ಬಂದು ಹೇಳಿದ ಮೇಲೆ ನಾವಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಕ್ಯಾರೆಕ್ಟರ್ ಸರ್ಟಿಫಿಕೇಟಿಗೆ ಕಾಯುವವಳಂತೆ ನಾನು ಸೆರಗಿನ ತುದಿ ಸುತ್ತುತ್ತಿದ್ದೆ.

"ಎಂದಿನಿಂದ?" ಎಂದರು ಇವರು.

"ಆರನೇ ಇಯತ್ತೆಯಿಂದ."

"ಮತ್ತ ಎರಡು ವರ್ಷ ತಡೀರಿ, ತಡೀರಿ ಅಂದದ್ದು?"

"ಕಾಣದಿದ್ದವರು ಮತ್ತೇನ ಅನಬೇಕ್ರಿ? ಅದ ಸೇಫ್."

ಅವರು ನಗಲು ಸುರು ಮಾಡಿದವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ನೆಲ ನೋಡುತ್ತ ಹೇಳಿದರು, "ನನ್ನ ಕೈ ಮ್ಯಾಲೆ ನಿನಗ ನಂಬಿಗಿ ಇಲ್ಲ ಅಂತ ತಿಳಕೊಂಡಿದ್ನೆಲೇ. ಗಾಡಿ ಮಾರಿಬಿಡೂಣು ಅಂತ ಮಾಡಿದ್ದೆ." ನಾನು ಅಳುವುದಕ್ಕೆ ಸುರು ಮಾಡಿದೆ. ಒಳಗಿನಿಂದ ಬಂದ ಮರಿಯಾಬಾಯಿ ನಮ್ಮಿಬ್ಬರನ್ನೂ ನೋಡಿ, "ಹಡದಾಕಿ ಆರಾಮ ಮಲಗ್ಯಾಳ, ನಿಮಗೇನಾಗೇತಿ?" ಎಂದಳು.

ಮರುವಾರ ಮೂಗಿನ ಮೇಲೆ ಚಷ್ಮಾ ಇಟ್ಟುಕೊಂಡು ಹಳಿಯಾಳಕ್ಕೆ ಹೋದೆ. ಅತ್ತೆ ಕಾಳು ಹಸನು ಮಾಡುತ್ತಿದ್ದವರು ತಲೆಯೆತ್ತಿದರು. "ಅಂತೂ ಹೊರಗ ಬಂತ ಚಷ್ಮಾ. ನಿನ್ನ ನೋಡಾಕ ಬಂದಾಗನ ಮೂಗಿನ ಮ್ಯಾಲೆ ಚಷ್ಮಾ ಒತ್ತಿದ್ದ ಎರಡು ಕಲಿ ಇದ್ದೂವಲ್ಲ, ನನಗೇನ ಕಣ್ಣಿಲ್ಲೇನ?" ಮತ್ತೆ ಕಾಳಿನ ಕಡೆ ಬಗ್ಗಿ ಮೆಲ್ಲಗೆ ಸೇರಿಸಿದರು, "ನಿಮ್ಮವ್ವಗೂ ಹೇಳಬ್ಯಾಡ. ನನ್ನ ಮಗಗ ಹಳೇ ಗಾಡಿ ಹುಚ್ಚು ಐತಿ ಅಂತ ನಾವೂ ನಿಮ್ಮ ಮನ್ಯಾಗ ಬಾಯಿ ಬಿಟ್ಟಿರಲಿಲ್ಲ."

ಚಷ್ಮಾ ಬಂದ ಮೇಲೆ ನನ್ನ ಭಯ ಹೋಯಿತೆಂದು ನೀವು ತಿಳಿದುಕೊಂಡಿದ್ದರೆ, ನೀವು ಆ ರಸ್ತೆಯನ್ನು ನೋಡಿಲ್ಲ. ಎದುರಿನಿಂದ ಬರುತ್ತಿದ್ದವರು ಎಂಥವರು, ಹೇಗೆ ಬರುತ್ತಿದ್ದರು ಎಂಬುದು ಆಗಲೇ ನನಗೆ ಮೊದಲು ಕಂಡದ್ದು. ನಾನು "ತಡೀರಿ" ಎನ್ನುವುದನ್ನು ಬಿಡಲಿಲ್ಲ. ಆದರೆ ಈಗ ಕಾರಣಸಹಿತ ಎನ್ನುತ್ತಿದ್ದೆ. ಇವರು ಸಿಳ್ಳೆ ಹಾಕುತ್ತ ಕಾಯುತ್ತಿದ್ದರು. ಆ ಲಾರಿಯೂ ಈಗಿಲ್ಲ, ಇವರೂ ಇಲ್ಲ. ಯಾವ ಕಾರಿನಲ್ಲಿ ಕೂತರೂ ನನ್ನ ಕತ್ತು ತಾನೇ ಬಲಕ್ಕೆ ಬಾಗುತ್ತದೆ.

ಒಂದು ಮಾತು ಮಾತ್ರ ಅವತ್ತು ದವಾಖಾನೆಯ ಮೆಟ್ಟಿಲ ಮೇಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕಾಣದೆಯೇ "ಹೂಂ" ಎಂದದ್ದು ನನ್ನ ಜೀವಮಾನದಲ್ಲಿ ಒಂದೇ ಸಲ, ಅದೂ ರಸ್ತೆಯಲ್ಲಲ್ಲ. ಅವಲಕ್ಕಿಯ ತಾಟು ಹಿಡಿದು ನಿಂತಾಗ ನಮ್ಮ ಪಡಸಾಲೆಯಲ್ಲಿ ಗೋಡೆಗೊರಗಿ ಎರಡು ಬಿಳಿ ಮುದ್ದೆಗಳು ಕೂತಿದ್ದವು. ಒಂದು ಇವರು, ಇನ್ನೊಂದು ಇವರ ಕಾಕಾನ ಮಗ. ಹುಡುಗ ಮನಸಿಗೆ ಬಂದನೇ ಎಂದು ಅವ್ವ ಒಳಗೆ ಬಂದು ಕೇಳಿದಾಗ ನಾನು "ಹೂಂ" ಎಂದೆ. ಆಗ ನನ್ನ ಮನಸ್ಸಿನಲ್ಲಿದ್ದದ್ದು ಬಲಗಡೆಯ ಮುದ್ದೆ.

ಇವರು ಕೂತದ್ದು ಎಡಗಡೆಗೆ.