ಮನೆಯಲ್ಲಿ ಯಾರೂ ಕರೆಯದ ಹೆಸರು

ಮನುಷ್ಯ ಈ ಲೋಕಕ್ಕೆ ಬರಿಗೈಯಲ್ಲಿ ಬರುತ್ತಾನೆ. ಬಂದ ಮೇಲೆ ಅವನ ಪಾಲಿಗೆ ಸೇರುವ ಮೊಟ್ಟಮೊದಲ ಆಸ್ತಿಯೆಂದರೆ ಅವನ ಹೆಸರು. ಹೊಲ ಭಾಗವಾಗಬಹುದು, ಮನೆಯ ಮಾಳಿಗೆ ಕುಸಿಯಬಹುದು, ತಲೆಯ ಕೂದಲು ಉದುರಬಹುದು. ಹೆಸರೊಂದು ಮಾತ್ರ ಕೊನೆಯವರೆಗೂ ಅವನನ್ನು ಬಿಟ್ಟು ಹೋಗದು. ಈ ಗಂಭೀರವಾದ ಮಾತನ್ನು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಶಾಲೆಯ ಮಕ್ಕಳಿಂದ ಕಾಪಿ ಕೂಡ ಬರೆಯಿಸಿದ್ದೆ. ಆಮೇಲೆ ನನಗೊಬ್ಬ ಮಗ ಹುಟ್ಟಿದ. ಅವನಿಗೆ ಶಾಸ್ತ್ರೋಕ್ತವಾಗಿ ಒಂದು ಹೆಸರನ್ನು ಇಟ್ಟೆವು. ಮುಂದಿನ ನಾಲ್ಕು ವರ್ಷ ಆ ಹೆಸರನ್ನು ನಮ್ಮ ಮನೆಯಲ್ಲಿ ಒಬ್ಬರೂ, ಒಂದು ಸಲವೂ, ಬಾಯಿಬಿಟ್ಟು ಹೇಳಲಿಲ್ಲ.

ಹೆಸರುಗಳ ವಿಷಯದಲ್ಲಿ ನಾನು ತಕ್ಕಮಟ್ಟಿನ ಪಂಡಿತನೆಂದು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳದ ಕಾರಣ. ನನ್ನಿವಾಳದ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಮಧ್ಯಾಹ್ನದ ಮೇಲೆ ಮಕ್ಕಳೆಲ್ಲ ಕುರಿ ಕಾಯಲು ಹೋದಾಗ ನನಗೆ ಉಳಿಯುತ್ತಿದ್ದ ಕೆಲಸವೆಂದರೆ ಊರುಗಳ ಹೆಸರಿನ ಮೂಲ ಹುಡುಕುವುದು. ಹಳಗನ್ನಡದಲ್ಲಿ ನನ್ನಿ ಎಂದರೆ ಸತ್ಯ. ಇದನ್ನು ಕಂಡುಹಿಡಿದ ದಿನ ನನಗೆ ಊಟ ಸೇರಲಿಲ್ಲ. ಊರಿನ ಹಿರಿಯನೊಬ್ಬನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, "ನೋಡಪ್ಪಾ, ನಿಮ್ಮೂರ ಹೆಸರಿನಲ್ಲೇ ಸತ್ಯ ಇದೆ" ಎಂದೆ. ಅವನು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ಸುಳ್ಳು ಹೇಳಬ್ಯಾಡ್ರಿ ಮೇಷ್ಟ್ರೇ" ಎಂದು ಎದ್ದುಹೋದ.

ಚಳ್ಳಕೆರೆಯ ವಿಷಯದಲ್ಲಿ ಎರಡು ಪಕ್ಷಗಳಿದ್ದವು. ಕೆರೆಯ ಪಕ್ಕ ಚಳ್ಳೆ ಮರಗಳಿದ್ದವು, ಅದರಿಂದ ಚಳ್ಳಕೆರೆ ಎಂದು ಒಂದು ಪಕ್ಷ. ತೆಲುಗಿನಲ್ಲಿ ಚಲ್ಲ ಎಂದರೆ ಮಜ್ಜಿಗೆ, ಹಿಂದೆ ದನಗಾಹಿಗಳು ದಂಡೆಯ ಮೇಲೆ ಕೂತು ಮಜ್ಜಿಗೆ ಹಂಚುತ್ತಿದ್ದರು ಎಂದು ಆಂಧ್ರದ ಗಡಿಯಿಂದ ಬಂದವರ ಪಕ್ಷ. ತೀರ್ಪು ಕೊಡಬೇಕೆಂದು ಒಂದು ಬೇಸಿಗೆಯಲ್ಲಿ ನಾನೇ ಕೆರೆಯ ಏರಿಯ ಮೇಲೆ ಹೋಗಿ ನಿಂತೆ. ಮರವೂ ಇರಲಿಲ್ಲ, ಮಜ್ಜಿಗೆಯೂ ಇರಲಿಲ್ಲ, ನೀರಂತೂ ಇರಲೇ ಇಲ್ಲ. ಮೂರನ್ನೂ ಬರೆದುಕೊಂಡು ಬಂದೆ. ಇನ್ನು ಮೊಳಕಾಲ್ಮೂರು ನನ್ನ ಹೆಂಡತಿ ನಾಗವ್ವನ ತವರು. ಅಲ್ಲಿನ ಗುಡ್ಡದ ದಾರಿ ಮೊಳಕಾಲು ಮುರಿಯುವಂಥದ್ದು, ಹೆಸರು ಬಂದದ್ದೇ ಹಾಗೆ ಎಂದು ಜನ ಹೇಳುತ್ತಾರೆ. ನಾನು ಈ ವಿಷಯವನ್ನೇ ಚಿಂತಿಸುತ್ತ ಆ ದಾರಿಯಲ್ಲಿ ನಡೆದು, ಎಡವಿ ಬಿದ್ದು, ಮೊಳಕಾಲಿನ ಚರ್ಮ ಕಿತ್ತುಕೊಂಡು, ಸಾಕ್ಷ್ಯಸಮೇತ ಮಾವನವರ ಮನೆ ಸೇರಿದೆ. ಮಾವನವರು ಅರಿಶಿನ ಹಚ್ಚಿಸುತ್ತ, "ಇದೇ ದಾರ್ಯಾಗೆ ದಿನಾ ನೂರು ಜನ ಓಡಾಡ್ತಾರೆ ಅಳಿಯಂದಿರೇ. ಅವರಿಗೆ ಅರ್ಥ ಗೊತ್ತಿಲ್ಲ, ಅದಕ್ಕೇ ಬೀಳಲ್ಲ" ಎಂದರು.

ಇಂಥ ನನಗೆ ಮಗನ ಹೆಸರಿನ ವಿಷಯದಲ್ಲಿ ಒಂದು ಮಾತೂ ಆಡುವ ಅಧಿಕಾರವಿರಲಿಲ್ಲ. ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರು. ಇದು ನಮ್ಮ ಕಡೆಯ ಕಟ್ಟು. ಮಗು ಹುಟ್ಟುವ ಹಿಂದಿನ ವರ್ಷವಷ್ಟೇ ನಮ್ಮ ಅಪ್ಪ ತೀರಿಕೊಂಡಿದ್ದರು. ಅವರ ಹೆಸರು ಓಬಯ್ಯ. ಅಹೋಬಲದ ನರಸಿಂಹಸ್ವಾಮಿ ನಮ್ಮ ಜನರ ಬಾಯಿಯಲ್ಲಿ ಓಬಳನಾಗಿ, ಓಬಳ ಸವೆದು ಓಬಯ್ಯನಾಗಿ, ಈ ಎರಡು ತಾಲ್ಲೂಕುಗಳ ತುಂಬ ಹರಡಿಕೊಂಡಿದ್ದಾನೆ. ನಮ್ಮ ಒಂದೇ ಬೀದಿಯಲ್ಲಿ ಕುಂಟ ಓಬಯ್ಯ, ಗಡ್ಡದ ಓಬಯ್ಯ, ಬಾವಿ ಓಬಯ್ಯ ಇದ್ದರು. ಯಾವ ಲಕ್ಷಣವೂ ಇಲ್ಲದವನೊಬ್ಬನಿದ್ದ, ಅವನನ್ನು ಬರೀ ಓಬಯ್ಯ ಎನ್ನುತ್ತಿದ್ದರು. ಅಪ್ಪ ಗಿಡ್ಡಗಿದ್ದರೂ ದೊಡ್ಡ ಓಬಯ್ಯ ಎನಿಸಿಕೊಂಡಿದ್ದರು.

ನಾನು ಧೈರ್ಯಮಾಡಿ ಅವ್ವನ ಮುಂದೆ ಸತ್ಯವ್ರತ ಎಂಬ ಹೆಸರನ್ನು ಇಟ್ಟೆ. ಅವ್ವ ರಾಗಿ ಕೇರುವುದನ್ನು ನಿಲ್ಲಿಸಿ, "ಅದೇನಲೇ, ಕೆಮ್ಮಿನ ಔಷಧಿಯಾ?" ಎಂದಳು. "ಹೆಸರವ್ವಾ." "ಹೆಸರು ಮನೆಯಾಗೇ ಐತೆ. ನಿಮ್ಮಪ್ಪಂದು ಇಡು." "ಅದೇನು ಹೆಸರು ಹೇಳು ಮತ್ತೆ" ಎಂದು ಕೆಣಕಿದೆ. ಅವ್ವ ಮೊರ ಎತ್ತಿಕೊಂಡು ಎದ್ದಳು. ಗಂಡನ ಹೆಸರನ್ನು ಅವಳು ಮದುವೆಯಾದಂದಿನಿಂದ ಹೇಳಿದವಳಲ್ಲ. ಅಪ್ಪ ಹೋದ ಮೇಲೂ ಹೇಳಲಿಲ್ಲ. ಒಮ್ಮೆ ಖಾನೇಸುಮಾರಿಗೆಂದು ಮನೆಮನೆಯ ತಲೆ ಎಣಿಸಿ ಹೆಸರು ಬರೆಯುವ ಕೆಲಸವನ್ನು ಸರ್ಕಾರ ನನ್ನ ತಲೆಗೆ ಕಟ್ಟಿತ್ತು. ಮೊದಲ ಮನೆಯಾಕೆ ಗಂಡನ ಹೆಸರಿಗೆ ಪಕ್ಕದ ಮನೆಯಾಕೆಯನ್ನು ಕೇಳೆಂದಳು. ಪಕ್ಕದಾಕೆಯ ಗಂಡನ ಹೆಸರೂ ಅದೇ ಆದ್ದರಿಂದ ಅವಳು ಮೂರನೆಯ ಮನೆ ತೋರಿಸಿದಳು. ಹೀಗೆ ಏಳು ಮನೆ ದಾಟಿ, ಎಂಟನೆಯ ಮನೆಯಲ್ಲಿ ಮದುವೆಯಾಗದ ಹುಡುಗಿಯೊಬ್ಬಳು ಸಿಕ್ಕಿ ಎಲ್ಲರ ಗಂಡಂದಿರನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಇಷ್ಟೆಲ್ಲ ಕಂಡಿದ್ದ ನಾನು ನನ್ನ ಮನೆಯ ವಿಷಯದಲ್ಲಿ ಮಾತ್ರ ಮುಂದಾಲೋಚನೆ ಮಾಡಲಿಲ್ಲ.

ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆಯಾದ ನಮ್ಮ ಅಕ್ಕ ಮಾರಕ್ಕ ಮಗುವಿನ ಕಿವಿಯ ಹತ್ತಿರ ಬಾಗಿ, ಸೆರಗು ಮರೆಮಾಡಿಕೊಂಡು, ಮೂರು ಸಲ ಹೆಸರು ಹೇಳಿದಳು. ಮಗು ಕಿಲಕಿಲ ನಕ್ಕಿತು. "ಹೆಸರು ಒಪ್ತು, ಹೆಸರು ಒಪ್ತು" ಎಂದು ಹೆಂಗಸರೆಲ್ಲ ಸಂತೋಷಪಟ್ಟರು. ಕಡಲೆ ಬೆಲ್ಲ ಹಂಚಿದೆವು.

ಮಾರನೆಯ ದಿನದಿಂದ ಪರಿಸ್ಥಿತಿ ಸ್ಪಷ್ಟವಾಗುತ್ತ ಬಂತು. ಅವ್ವ ಕರೆಯುವಂತಿಲ್ಲ, ಗಂಡನ ಹೆಸರು. ನಾಗವ್ವ ಕರೆಯುವಂತಿಲ್ಲ, ಮಾವನ ಹೆಸರು. ಉಳಿದವನು ನಾನು. ಹೆತ್ತ ತಂದೆಯ ಹೆಸರು ಹಿಡಿದು "ಲೇ" ಎನ್ನಲು ನನ್ನ ನಾಲಗೆ ಏಳಲಿಲ್ಲ. ಬಹುವಚನದಲ್ಲಿ ಹೇಳೋಣವೆಂದರೆ, "ಓಬಯ್ಯನವರೇ, ತಾವು ಒಲೆಯ ಬೂದಿ ತಿನ್ನಬಾರದು" ಎನ್ನುವುದು ನನಗೇ ಸರಿಕಾಣಲಿಲ್ಲ. ಹೀಗಾಗಿ ಹುಡುಗ ಮರಿ ಆದ, ಸ್ವಾಮಿ ಆದ, ಅವ್ವ ಮತ್ತು ನಾಗವ್ವ ತಮ್ಮತಮ್ಮಲ್ಲಿ ಮಾತಾಡುವಾಗ 'ಅವರು' ಆದ. "ಅವರು ಉಂಡರೇನೇ?" "ಇಲ್ಲತ್ತೆ, ಅವರು ಮುದ್ದೆ ಎಸೆದ್ರು." "ಎಸೀಲಿ ಬಿಡು, ಮದ್ಲೂ ಅವರು ಹಂಗೇ ಎಸೀತಿದ್ರು." ಹೆಸರು ಹಿಡಿಯದೆ ಬೈಯುವುದು ಕಷ್ಟ, ಅಜ್ಜನ ಹೆಸರಿನವನನ್ನು ಬೈಯುವುದು ಇನ್ನೂ ಕಷ್ಟ. ಆದ್ದರಿಂದ ನಮ್ಮ ಮನೆಯಲ್ಲಿ ಅವನನ್ನು ಯಾರೂ ಬೈಯಲಿಲ್ಲ. ಉಳ್ಳಾರ್ತಿ ಕಾವಲಿನಲ್ಲಿ ಸರ್ಕಾರದ ಅಮೃತಮಹಲ್ ದನಗಳಿವೆ, ಒಂದೊಂದಕ್ಕೂ ಹೆಸರುಂಟು. ಸಂಜೆ ದನಗಾಹಿ ನಿಂತಲ್ಲಿಂದ ಹೆಸರು ಹಿಡಿದು ಕೂಗಿದರೆ ಹುಲ್ಲುಗಾವಲಿನ ಆಚೆ ತುದಿಯಿಂದ ಆ ಒಂದು ಹಸುವೇ ಬರುತ್ತದೆ. ನನ್ನ ಮಗನಿಗೆ ಆ ಭಾಗ್ಯವೂ ಇರಲಿಲ್ಲ.

ನಾಲ್ಕನೆಯ ವರ್ಷ ಮರಿಯ ಮುಡಿ ಕೊಡಲು ಜಟಿಂಗ ರಾಮೇಶ್ವರಕ್ಕೆ ಹೊರಟೆವು. ಶ್ರಾವಣ ಸೋಮವಾರ. ಗಾಡಿಯನ್ನು ಬುಡದಲ್ಲಿ ಬಿಟ್ಟು ಅವ್ವ, ನಾಗವ್ವ, ಅಕ್ಕ, ನಾನು, ನನ್ನ ಹೆಗಲ ಮೇಲೆ 'ಅವರು', ಬೆಟ್ಟ ಹತ್ತಿದೆವು. ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ಅಲ್ಲಿ ಹಳೆಯ ಕಾಲದ ಬರಹವಿರುವ ಒಂದು ಬಂಡೆ ಇದೆ. ಯಾವುದೋ ಚಕ್ರವರ್ತಿ ಬರೆಯಿಸಿದ್ದೆಂದು ತಿಳಿದವರು ಹೇಳುತ್ತಾರೆ. ಆದರೆ ಅದರ ಮೇಲೆ ಬಳೆಗಾರರು ಕೂತು ವ್ಯಾಪಾರ ಮಾಡುವುದರಿಂದ ಜನ ಅದನ್ನು ಬಳೆಗಾರನ ಗುಂಡು ಎನ್ನುತ್ತಾರೆ. ಚಕ್ರವರ್ತಿಯ ಹೆಸರು ಅಳಿಸಿ ಬಳೆಗಾರನ ಹೆಸರು ಉಳಿದ ಈ ಸೋಜಿಗವನ್ನು ಕಂಡು ನಾನು ಸುಮ್ಮನಿರುವುದುಂಟೇ? ಹುಡುಗನನ್ನು ಕೆಳಗಿಳಿಸಿ, ಎರಡೂ ಕೈಗಳನ್ನು ಉಪಯೋಗಿಸಿ, ಹೆಂಗಸರಿಗೆ ವಿವರಿಸತೊಡಗಿದೆ. ಜಟಾಯು ಬಿದ್ದದ್ದರಿಂದ ಬೆಟ್ಟಕ್ಕೆ ಆ ಹೆಸರು ಬಂತೆಂಬಲ್ಲಿಗೆ ಬರುವ ಹೊತ್ತಿಗೆ ನಾಗವ್ವ ಸುತ್ತಲೂ ನೋಡಿ, "ಮರಿ ಎಲ್ರಿ?" ಎಂದಳು.

ಮರಿ ಇರಲಿಲ್ಲ.

ಎಡಕ್ಕೆ ಜನ, ಬಲಕ್ಕೆ ನಾಲ್ಕು ಮಾರಿನಾಚೆ ಬಂಡೆ ಮುಗಿದು ಬರೀ ಗಾಳಿ. ನಾಗವ್ವ "ಮರೀ! ಮರೀ!" ಎಂದು ಕೂಗಿದಳು. ಆ ಬೆಟ್ಟದ ಮೇಲಿದ್ದ ಮಕ್ಕಳೆಲ್ಲ ಅವರವರ ಮನೆಯಲ್ಲಿ ಮರಿಗಳೇ. ಇಪ್ಪತ್ತು ತಲೆ ತಿರುಗಿದವು, ನಮ್ಮದಿರಲಿಲ್ಲ. "ಸ್ವಾಮೀ!" ಎಂದಳು, ಅದಕ್ಕೆ ಪೂಜಾರಿ ಬಂದ. ನಾನು ಲಜ್ಜೆ ಬಿಟ್ಟು, ನಾಲ್ಕು ವರ್ಷದಲ್ಲಿ ಮೊದಲ ಸಲ, "ಓಬಯ್ಯನೋರೇ!" ಎಂದು ಕೂಗಿದೆ. ಅಂಥ ಹೊತ್ತಿನಲ್ಲೂ ಬಹುವಚನವೇ ಬಂತು. ಕೋಲೂರಿಕೊಂಡು ಒಬ್ಬ ಮುದುಕ ಬಂದು, "ಏನಪ್ಪಾ, ಯಾರ ಕಡೆಯೋನು ನೀನು?" ಎಂದ. ಅವನ ಹಿಂದೆ ಹೆಗಲಿಗೆ ಕಂಬಳಿ ಹೊದ್ದವನು. ಅವನ ಹಿಂದೆ ಬಾಯಿತುಂಬ ಎಲೆಯಡಿಕೆಯವನು. ಗಳಿಗೆಯೊಳಗೆ ಆರು ಜನ ಓಬಯ್ಯಂದಿರು ನನ್ನ ಸುತ್ತ ನಿಂತು ಒಬ್ಬರನ್ನೊಬ್ಬರು ಕ್ಷೇಮ ವಿಚಾರಿಸಿಕೊಳ್ಳುತ್ತಿದ್ದರು.

"ಅಕ್ಕಾ, ನೀನಾದ್ರೂ ಹೆಸರು ಹಿಡಿದು ಕೂಗೇ. ತೊಟ್ಟಿಲಲ್ಲಿ ಹೇಳಿದೋಳು ನೀನೇ" ಎಂದೆ.

ಅಕ್ಕ ಬಂಡೆಯ ಮೇಲೆ ಕೂತಳು. "ಲೇ ತಮ್ಮಾ, ನಾನು ಹೇಳೇ ಇಲ್ಲಲೇ."

"ಏನು ಹೇಳಿಲ್ಲ?"

"ಹೆಸರು. ನಿಮ್ಮ ಭಾವಂದೂ ಅದೇ ಹೆಸರಲ್ಲೇನೋ! ಹೆಂಗೆ ಬಾಯಾಗೆ ತರ್ಲಿ? ಸೆರಗು ಮರೆಮಾಡ್ಕಂಡು ಮೂರು ಸಲ ಉಫ್ ಅಂತ ಊದಿದೆ. ಕಚಗುಳಿ ಆಗಿ ಕೂಸು ನಕ್ತು. ನೀವೆಲ್ಲ ಹೆಸರು ಒಪ್ತು ಅಂದ್ರಿ. ನಾನೂ ಸುಮ್ಕಾದೆ."

ಅಂದರೆ ನನ್ನ ಮಗನಿಗೆ ಹೆಸರೇ ಇಟ್ಟಿರಲಿಲ್ಲ. ಲೋಕದ ಊರುಗಳ ಹೆಸರಿನ ಮೂಲ ಶೋಧಿಸಿದವನ ಮನೆಯಲ್ಲಿ, ನಾಲ್ಕು ವರ್ಷದಿಂದ, ಬರೀ ಗಾಳಿ. ನನಗೆ ನಗು ಬರಬೇಕಾಗಿತ್ತು. ಬಂಡೆಯ ಅಂಚಿನ ಕಡೆ ನೋಡಿದರೆ ಬರಲಿಲ್ಲ.

ಅಷ್ಟರಲ್ಲಿ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಳೆಗಾರನ ಗುಂಡನ್ನು ಹತ್ತಿದಳು. ಅರವತ್ತರ ಮುದುಕಿ, ಚಪ್ಪಲಿಯಿಲ್ಲದ ಕಾಲು. ಮೇಲೆ ನಿಂತು, ಎರಡು ಕೈ ಬಾಯಿಗೆ ಹಿಡಿದು, ಕುರಿಹಿಂಡಿಗೆ ಕೂಗುವ ಹಾಗೆ ಕೂಗಿದಳು: "ಓಬಯ್ಯಾ! ಏ ಓಬಯ್ಯಾ! ಎಲ್ಲಿ ಹೋದ್ಯೋ ಓಬಯ್ಯಾ!"

ನಾಗವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ಆರು ಜನ ಓಬಯ್ಯಂದಿರೂ ತಲೆ ತಗ್ಗಿಸಿದರು. ಅವ್ವನ ದನಿ ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬಂತು. ನಮ್ಮಪ್ಪನ ಹೆಸರು ಅವ್ವನ ದನಿಯಲ್ಲಿ ಹೇಗಿರುತ್ತದೆಂದು ನಾನು ಅಂದು ಮೊದಲ ಸಲ ಕೇಳಿದೆ. ಅವಳು ಕರೆಯುತ್ತಿದ್ದದ್ದು ಒಬ್ಬರನ್ನೋ ಇಬ್ಬರನ್ನೋ ನನಗೆ ಹೇಳಲು ಬರುವುದಿಲ್ಲ.

"ಅಜ್ಜೀ!" ಎಂದು ಆ ಗುಂಡಿನ ಹಿಂದಿನಿಂದಲೇ ಉತ್ತರ ಬಂತು. ಬಂಡೆಯ ನೆರಳಿನಲ್ಲಿ ಮುದುಕಿ ಬಳೆಗಾರ್ತಿಯೊಬ್ಬಳ ಮಡಿಲಲ್ಲಿ 'ಅವರು' ಕೂತಿದ್ದರು, ಎರಡೂ ಕೈಗೆ ಮೊಣಕೈವರೆಗೆ ಹಸಿರು ಬಳೆ. ನಾನು ಆಕೆಯ ಮೇಲೆ ಸಿಟ್ಟಾದೆ: "ಅಷ್ಟೊತ್ತಿಂದ ಓಬಯ್ಯ ಓಬಯ್ಯ ಅಂತ ಕೂಗ್ತಿದ್ದೀವಿ, ಕೇಳಿಸಲಿಲ್ವಾ?"

"ಕೇಳಿಸ್ತು ಸಾಮಿ. ಯಾರೋ ಮುದುಕಪ್ಪ ದಾರಿ ತಪ್ಪವ್ನೆ ಅಂದ್ಕಂಡೆ. ಈ ಹುಡುಗನ್ನೂ ಕೇಳ್ದೆ, ನಿನ್ನ ಹೆಸರೇನಪ್ಪಾ ಅಂತ. 'ಅವರು' ಅಂದ. ನಿಮ್ಮಪ್ಪ ಯಾರೋ ಅಂದೆ. 'ಸುಮ್ನೆ ಮಾತಾಡ್ತಾರೆ' ಅಂದ. ಇಷ್ಟರ ಮೇಲೆ ಎಲ್ಲಿ ಅಂತ ಹುಡುಕ್ಲಿ?"

ಹೆಸರಿಗೆ ಅವನು ಬಂದದ್ದಲ್ಲ. ನೆತ್ತಿಯ ಮೇಲೆಯೇ ಕೇಳಿಸಿದ ಅಜ್ಜಿಯ ದನಿಗೆ ಬಂದದ್ದು. ಅವ್ವ ಗುಂಡಿನಿಂದ ಇಳಿದು ಅವನನ್ನು ಎಳೆದು ಎದೆಗೆ ಅಪ್ಪಿ, ಆಮೇಲೆ ದೂರ ಹಿಡಿದು ಬೆನ್ನಿನ ಮೇಲೆ ಎರಡು ಬಾರಿಸಿದಳು. "ಲೇ ಓಬಾ! ಹೇಳ್ದೆ ಕೇಳ್ದೆ ಹೋಗ್ತೀಯೇನಲೇ ಓಬಾ! ಕೈಗೆ ಬಳೆ ಬೇರೆ ತೊಟ್ಕಂಡವ್ನೆ ನೋಡು, ನಾಚಿಕೆಯಿಲ್ದ ಓಬ!" ಹುಡುಗ ಹುಟ್ಟಿದಂದಿನಿಂದ ಬೈಸಿಕೊಂಡವನಲ್ಲ. ಅಳಬೇಕೆಂಬುದು ತಿಳಿಯದೆ ಬೆರಗಾಗಿ ನೋಡುತ್ತಿದ್ದ. ನಾನು ಮೆಲ್ಲಗೆ, "ಅವ್ವಾ, ಅಪ್ಪನ ಹೆಸರು..." ಎಂದೆ. "ನೀನು ಸುಮ್ಕಿರು. ನಲವತ್ತು ವರ್ಷ ಬಾಯಾಗೆ ಇಟ್ಕಂಡಿದ್ದೆ. ಇಷ್ಟು ಸಣ್ಣ ಹೆಸರು" ಎಂದಳು. ಮೂಗು ಒರೆಸಿಕೊಂಡು, ಹುಡುಗನ ಕಿವಿಗೆ ಬಾಯಿ ಹಚ್ಚಿ, ಅಕ್ಕ ಊದಿ ಬಿಟ್ಟಿದ್ದನ್ನು ಮೂರು ಸಲ ತಾನೇ ಹೇಳಿದಳು.

ಮುಡಿ ತೆಗೆಸಿ ಇಳಿಯುವಾಗ ದಾರಿಯುದ್ದಕ್ಕೂ ಅವ್ವ ಯಾವ ಕಾರಣವೂ ಇಲ್ಲದೆ ಅವನನ್ನು ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಅತ್ತೆಯೇ ಬಾಯಿಬಿಟ್ಟ ಮೇಲೆ ನಾಗವ್ವನಿಗೂ ಧೈರ್ಯ ಬಂತು. ಒಂದು ವಾರದಲ್ಲಿ ಅವಳೂ ಹಿತ್ತಲಿನಿಂದ ಬೀದಿಗೆ ಕೇಳಿಸುವಂತೆ ಕೂಗತೊಡಗಿದಳು. ಈಗ ಹುಡುಗನಿಗೆ ದಿನಕ್ಕೆ ಹತ್ತು ಸಲ ಬೈಗುಳ ಸಿಗುತ್ತದೆ, ಅವನು ಸುಖವಾಗಿದ್ದಾನೆ. ಮಾರಕ್ಕ ಮಾತ್ರ ತನ್ನ ಮನೆಯವರಿಗೆ ತೊಟ್ಟಿಲಲ್ಲಿ ಊದಿದ ಸುದ್ದಿ ತಿಳಿಸಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ.

ಮರುವರ್ಷ ಅವನನ್ನು ನನ್ನ ಶಾಲೆಗೇ ಸೇರಿಸಿದೆ. ದಿನವೂ ಬೆಳಿಗ್ಗೆ ನಾನು ಹಾಜರಿ ಕೂಗುತ್ತೇನೆ. ಅವನ ಸರದಿ ಬಂದಾಗ ಹೆಸರು ಕೂಗದೆ ತಲೆಯೆತ್ತಿ ನೋಡುತ್ತೇನೆ; ಕೂತಿದ್ದರೆ ಹಾಜರು ಎಂದು ಬರೆಯುತ್ತೇನೆ.