ಬಾನೆಟಿಗೆ ಸೀಟು ಹಾಕಿದ ವಿಮಾನ

ವಾರಕ್ಕೊಂದು ವಿಮಾನವಾದರೂ ನಮ್ಮ ಮನೆಯೊಳಗೆ ಬೀಳುತ್ತದೆ. ಬಿದ್ದದ್ದು ಯಾಕೆ ಅಂತ ಬರೆದು ತಿಳಿಸುವುದು ನನ್ನ ಕೆಲಸ. ಹೆದರಬೇಡಿ, ಎಲ್ಲ ಕಂಪ್ಯೂಟರಿನ ಒಳಗೇ ಬೀಳುವುದು.

ಅದೊಂದು ವಿಮಾನ ಹಾರಿಸುವ ಆಟ. ರೆಕ್ಕೆ, ಎಂಜಿನ್, ಚಕ್ರ, ಸೀಟು ಎಲ್ಲ ಅದರಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಬೇಕಾದ ಹಾಗೆ ಜೋಡಿಸಿ ನಮ್ಮದೇ ವಿಮಾನ ಕಟ್ಟಬಹುದು, ಕಟ್ಟಿದ್ದನ್ನು ಬೇರೆಯವರಿಗೆ ಹಾರಿಸಲಿಕ್ಕೆ ಕೊಡಬಹುದು. ಪುತ್ತೂರು, ಸುಳ್ಯ, ಕಡಬದ ಕೆಲವರು ಸೇರಿ ಇದಕ್ಕೊಂದು ಗ್ರೂಪು ಮಾಡಿಕೊಂಡಿದ್ದಾರೆ. ಸಮಸ್ಯೆ ಎಂತ ಆಯಿತೆಂದರೆ, ನಮ್ಮ ಊರಿನಲ್ಲಿ ಮುಖಕ್ಕೆ ಮುಖ ಕೊಟ್ಟು ಚೆನ್ನಾಗಿಲ್ಲ ಅನ್ನುವ ಕ್ರಮವೇ ಇಲ್ಲ. ಊಟಕ್ಕೆ ಕರೆದವರ ಸಾಂಬಾರಿಗೆ ಉಪ್ಪು ಎರಡು ಸಲ ಬಿದ್ದಿದ್ದರೂ "ಅಡ್ಡಿಲ್ಲ" ಅಂದು ಕೈ ತೊಳೆಯುವವರು ನಾವು. ಹಾಗಾಗಿ ಗ್ರೂಪಿಗೆ ಬಂದ ಎಲ್ಲ ವಿಮಾನಗಳಿಗೂ ಎಲ್ಲರೂ ಅಡ್ಡಿಲ್ಲ, ಅಡ್ಡಿಲ್ಲ ಅಂತ ಬರೆದರು. ವಿಮಾನಗಳು ಒಂದೊಂದಾಗಿ ಸಮುದ್ರಕ್ಕೆ ಹೋದವು.

ಕಡೆಗೆ ನನ್ನನ್ನು ಹಿಡಿದರು. ನಾನು ಪುತ್ತೂರಿನಲ್ಲಿ ಬಹಳ ಕಾಲ ಡ್ರೈವಿಂಗ್ ಸ್ಕೂಲ್ ನಡೆಸಿದವ, ಸೊಂಟ ಕೈಕೊಟ್ಟ ಮೇಲೆ ಬಾಗಿಲು ಹಾಕಿದವ. ಬಯ್ಯುವುದು ನನಗೆ ಉದ್ಯೋಗವೇ ಆಗಿತ್ತು. ಸುಮ್ಮನೆ ನಗುವ ಜನ ನಾನಲ್ಲ. ಅಲ್ಲಿಂದ ಎಲ್ಲರೂ ವಿಮಾನ ಕಳಿಸಿ "ಮಾಸ್ಟ್ರೇ, ಒಂದು ಅಭಿಪ್ರಾಯ ಹೇಳಿ" ಅನ್ನುತ್ತಾರೆ. ನಾನು ಹೇಳುತ್ತೇನೆ. ಆಮೇಲೆ ಆಗುವುದೆಲ್ಲ ಹೀಗೆ.

ಲಿಂಬೆಹಣ್ಣು

ನರಿಮೊಗರು ಕಡೆಯ ಒಬ್ಬರು ಟೀಚರ್ ತಮ್ಮ ಮೊದಲ ವಿಮಾನ ಕಳಿಸಿದರು. ನೋಡಲಿಕ್ಕೆ ಬಹಳ ಚೆಂದ. ಬಣ್ಣ ಎಲ್ಲ ಲಾಯಕ್. ರನ್‌ವೇ ಮೇಲಿಟ್ಟು ಎಂಜಿನ್ ಕೊಟ್ಟೆ. ಅಲುಗಲಿಲ್ಲ. ಇನ್ನೂ ಕೊಟ್ಟೆ. ಬೊಬ್ಬೆ ಹೊಡೆಯಿತೇ ವಿನಾ ಒಂದು ಗೇಣು ಮುಂದೆ ಹೋಗಲಿಲ್ಲ. ಬ್ರೇಕ್ ನೋಡಿದೆ, ಬಿಟ್ಟೇ ಉಂಟು. ಸುತ್ತ ತಿರುಗಿಸಿ ತಿರುಗಿಸಿ ನೋಡುವಾಗ ಪ್ರತಿ ಚಕ್ರದ ಮುಂದೆಯೂ ಹಳದಿ ಬಣ್ಣದ ಒಂದು ಉಂಡೆ ಕಂಡಿತು.

ಫೋನ್ ಮಾಡಿದೆ. "ಟೀಚರೇ, ಚಕ್ರದ ಅಡಿಯಲ್ಲಿ ಅದೆಂತ ಇಟ್ಟದ್ದು?"

"ಲಿಂಬೆಹಣ್ಣು ಅಲ್ವಾ ಮಾಸ್ಟ್ರೇ? ಹೊಸ ಗಾಡಿ ಅಲ್ವಾ?"

"ಹೊಸ ಗಾಡಿ ಹೌದು. ಆದರೆ ಲಿಂಬೆಹಣ್ಣು ಒಡೆಯಬೇಕಲ್ಲ. ನೀವು ಅದನ್ನು ಕಬ್ಬಿಣದಲ್ಲಿ ಮಾಡಿದ್ದೀರಿ."

"ಆಟದಲ್ಲಿ ಮೆತ್ತಗಿನ ಸಾಮಾನೇ ಇಲ್ಲ, ನಾನೆಂತ ಮಾಡುದು?"

"ತೆಗೆದುಬಿಡಿ."

"ಇಟ್ಟ ಲಿಂಬೆಹಣ್ಣನ್ನು ಕೈಯಲ್ಲಿ ತೆಗೆಯುದಾ?" ಅಂತ ಟೀಚರ್ ಎಷ್ಟು ಗಾಬರಿಯಿಂದ ಕೇಳಿದರೆಂದರೆ ನಾನೇ ತಪ್ಪು ಮಾಡಿದ ಹಾಗೆ ಆಯಿತು. ಅವರು ತೆಗೆಯಲಿಲ್ಲ. ಇನ್ನೂ ಎರಡು ಎಂಜಿನ್ ಸೇರಿಸಿ ಪುನಃ ಕಳಿಸಿದರು. ಈ ಸಲ ವಿಮಾನ ನಡುಗಿತು, ಕುಪ್ಪಳಿಸಿತು, ಹಾರಿಯೇ ಹಾರಿತು. ಕೆಳಗೆ ನೋಡುತ್ತೇನೆ, ಲಿಂಬೆಹಣ್ಣು ಇಟ್ಟಲ್ಲೇ ಉಂಟು, ಮುಂದಿನ ಚಕ್ರವೂ ಅದರ ಪಕ್ಕದಲ್ಲೇ ಉಂಟು. ವಿಮಾನ ಮಾತ್ರ ಮೇಲೆ.

ಚಕ್ರ ಕಿತ್ತು ಹೋದ ಸುದ್ದಿ ತಿಳಿಸಿದೆ. ಟೀಚರಿಗೆ ಬೇಜಾರೇ ಆಗಲಿಲ್ಲ. "ನೋಡಿದ್ರಾ ಮಾಸ್ಟ್ರೇ, ದೃಷ್ಟಿ ಚಕ್ರಕ್ಕೆ ಹೋಯ್ತು. ನಮಗೆ ಎಂತದೂ ಆಗಲಿಲ್ಲ."

ಆನೆ

ಕಡಬದ ಒಬ್ಬ ಕೃಷಿಕರ ವಿಮಾನ ಹಾರುವುದರಲ್ಲಿ ಯಾವ ದೋಷವೂ ಇರಲಿಲ್ಲ. ನಿಧಾನ, ಗಟ್ಟಿ, ಹೇಳಿದ ಹಾಗೆ ಕೇಳುತ್ತದೆ. ಹೊಟ್ಟೆಯ ಅಡಿಯಲ್ಲಿ ಮಾತ್ರ ಒಂದು ಸಾಲು ದೊಡ್ಡ ದೊಡ್ಡ ಲೈಟು, ಮೂತಿಗೆ ಲಾರಿಯ ಹಾರ್ನಿನಂಥದ್ದೊಂದು. ಅನವಶ್ಯಕ ಭಾರ, ತೆಗೆಯಿರಿ ಅಂತ ಬರೆದೆ.

"ಅದು ಆನೆ ಓಡಿಸಲಿಕ್ಕೆ" ಅಂದರು.

ಹೋದ ವರ್ಷ ಅವರ ಬಾಳೆಯನ್ನೆಲ್ಲ ಆನೆಗಳು ಮೆಟ್ಟಿ ಹಾಕಿದ್ದು ನನಗೆ ಗೊತ್ತಿತ್ತು. ಅದರ ಸಂಕಟ ಇನ್ನೂ ಅವರ ಮಾತಿನಲ್ಲಿ ಉಂಟು. ಆದ್ದರಿಂದ ಆದಷ್ಟು ಮೆಲ್ಲಗೆ ಹೇಳಿದೆ. "ಈ ಆಟದಲ್ಲಿ ಆನೆ ಇಲ್ಲ ಮಾರಾಯ್ರೇ."

"ಗೊತ್ತುಂಟು. ಆನೆ ಇಲ್ಲದ ಊರು ಒಂದಾದರೂ ನೋಡುವ ಅಂತಲೇ ನಾನು ಹಾರುದು."

"ಹಾಗಾದರೆ ಲೈಟು, ಹಾರ್ನು ಯಾಕೆ?"

ಅವರು ಸ್ವರ ತಗ್ಗಿಸಿ ಹೇಳಿದರು. "ಹೇಳ್ಲಿಕ್ಕೆ ಬರುದಿಲ್ಲ ಮಾಸ್ಟ್ರೇ. ನಂಬಿ ಕೂತ್ಕೊಳ್ಳುವ ಪ್ರಾಣಿ ಅಲ್ಲ ಅದು."

ಒಂದು ಶಿಫಾರಸು

ಒಂದು ದಿನ ಬೆಳಿಗ್ಗೆ ಗುತ್ತಿಗಾರಿನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಯಾರೆಂದು ಹೇಳಿದ ಕೂಡಲೇ ಗೊತ್ತಾಯಿತು. ಅವರ ಗಂಡ ಆ ಗುಡ್ಡದ ದಾರಿಗಳಲ್ಲಿ, ಹಿಡಿದಷ್ಟೂ ಜನ ತುಂಬಿಸುವ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಊರಿಗೆಲ್ಲ ಜೀಪಿನಣ್ಣ. ಬಸ್ಸು ಹತ್ತದ ಏರಿನಲ್ಲೆಲ್ಲ ಅವರ ಜೀಪು ಹತ್ತುತ್ತಿತ್ತು. ಶಾಲೆ ಮಕ್ಕಳು, ಬಾಣಂತಿ, ಗೊಬ್ಬರದ ಮೂಟೆ, ಮದುವೆ ದಿಬ್ಬಣ ಎಲ್ಲ ಅದರಲ್ಲೇ. ಸಕ್ಕರೆ ಕಾಯಿಲೆಯಲ್ಲಿ ಅವರ ಒಂದು ಕಣ್ಣು ಹೋಯಿತು. ಯಾರೂ ಹೇಳುವ ಮೊದಲೇ ಅವರು ತಾವಾಗಿ ಜೀಪು ನಿಲ್ಲಿಸಿ ಕೀ ತೆಗೆದು ಗೋಡೆಗೆ ತೂಗುಹಾಕಿದರಂತೆ.

"ಅವತ್ತಿನಿಂದ ಮಾತೇ ಇಲ್ಲ ಮಾಸ್ಟ್ರೇ" ಅಂದರು ಆ ಅಕ್ಕ. "ಚಾ ಬೇಕಾ ಅಂದರೆ ಮಂಡೆ ಅಲ್ಲಾಡಿಸ್ತಾರೆ. ಮಗಳು ಅವಳ ಹಳೆ ಲ್ಯಾಪ್‌ಟಾಪಿನಲ್ಲಿ ಈ ಆಟ ಹಾಕಿ ಕೊಟ್ಟಿದ್ದಾಳೆ. ಈಗ ವಿಮಾನ ಮಾಡ್ತಾರೆ. ಮನೆಯಲ್ಲಿ ಒಬ್ಬರು ಇದ್ದಾರೆ ಅಂತ ಗೊತ್ತಾಗುದೇ ಆ ಕೀಬೋರ್ಡಿನ ಟಕ್ ಟಕ್ ಕೇಳುವಾಗ. ನಿಮಗೆ ಕಳಿಸಿದ್ದಾರೆ. ನೀವು ಪುಸ್ಕ, ಎಂತದಕ್ಕೂ ಆಗದ್ದು ಅಂತ ಬರೆದರೆ ಅದನ್ನೂ ಬಿಟ್ಟು ಗೋಡೆ ನೋಡ್ತಾ ಕೂತುಬಿಡ್ತಾರೆ. ಒಳ್ಳೆದುಂಟು ಅಂತ ಒಂದು ಮಾತು ಬರೀರಿ. ನಿಮ್ಮ ದಮ್ಮಯ್ಯ."

ಆದರೆ ಜೀವಮಾನದಲ್ಲಿ ಗಾಡಿ ಸರಿ ಬಿಡದವನಿಗೆ ಸರಿ ಉಂಟು ಅಂದವ ನಾನಲ್ಲ. "ಅಕ್ಕ, ವಿಮಾನ ಹೇಗುಂಟು ಅಂತ ನೋಡದೆ ನಾನು ಹೇಗೆ ಬರೆಯುದು?"

"ನೀವು ವಿಮಾನ ಹತ್ತಿದ್ದುಂಟಾ ಮಾಸ್ಟ್ರೇ?"

ಇಲ್ಲ. ಮಂಗಳೂರಿನಲ್ಲಿ ಬೇಲಿಯ ಹೊರಗಿನಿಂದ ನೋಡಿದ್ದು ಮಾತ್ರ. ಈವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು "ನೋಡುವ" ಅಂದು ಫೋನ್ ಇಟ್ಟೆ.

ಮುಂದೆ ಭಾರ

ವಿಮಾನ ನೋಡಿದೆ. ಎರಡು ಕಡೆ ಎದುರು ಬದುರು ಉದ್ದ ಬೆಂಚು, ಹಿಂದೆ ಬಾಗಿಲಿಲ್ಲ, ಬಾಗಿಲಿನ ಜಾಗದಲ್ಲಿ ಅಗಲದ ಫುಟ್‌ಬೋರ್ಡು, ಹಿಡಿದುಕೊಳ್ಳಲಿಕ್ಕೆ ಕಂಬಿ. ಹಾರಿಸಲು ಹೋದರೆ ನೆಲದಲ್ಲೇ ಮೂತಿ ಆಕಾಶಕ್ಕೆ ಎತ್ತಿ ಬಾಲದ ಮೇಲೆ ಕೂತಿತು. ಎಷ್ಟು ಸಲ ಪ್ರಯತ್ನಿಸಿದರೂ ಕೂತಿತು.

ಬಹಳ ಹೊತ್ತು ಎಂತ ಬರೆಯುವುದೆಂದು ತಲೆ ಕೆಡಿಸಿಕೊಂಡೆ. ಒಳ್ಳೆದುಂಟು ಅಂತ ಬೆರಳು ಬರೆಯಲಿಲ್ಲ. ಏರಿನಲ್ಲಿ ಅಷ್ಟು ಜೀವಗಳನ್ನು ಜೋಪಾನವಾಗಿ ಸಾಗಿಸಿದ ಮನುಷ್ಯನಿಗೆ ಸುಳ್ಳು ಹೇಳುವುದು ಮರ್ಯಾದೆ ಅಲ್ಲ ಅನ್ನಿಸಿತು. "ಹಿಂದೆ ಭಾರ ಹೆಚ್ಚು. ಮುಂದೆ ಭಾರ ಬೇಕು. ಸರಿ ಮಾಡಿ ಕಳಿಸಿ, ಕಾಯುತ್ತೇನೆ" ಅಂತ ಬರೆದೆ. ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ನನಗೆ ಊಟ ರುಚಿಸಲಿಲ್ಲ. ಒಂದು ಸುಳ್ಳು ಹೇಳಿದ್ದರೆ ನನ್ನ ಗಂಟು ಹೋಗುತ್ತಿತ್ತಾ ಅಂತ ನನ್ನನ್ನೇ ಬಯ್ದುಕೊಂಡೆ.

ಆಮೇಲೆ ವಿಮಾನ ಬಂತು. ಹಿಂದಿನದು ಒಂದನ್ನೂ ತೆಗೆದಿರಲಿಲ್ಲ. ಮೂತಿಯ ಮೇಲೆ, ಡ್ರೈವರಿನ ಗಾಜಿನ ಎದುರಿಗೆ, ಸಾಲಾಗಿ ಸೀಟು ಹಾಕಿದ್ದರು. ನನಗೆ ಒಂದು ಕ್ಷಣ ಅರ್ಥ ಆಗಲಿಲ್ಲ. ಆಮೇಲೆ ನೆನಪಾಯಿತು: ಕಡಿದಾದ ಏರಿನಲ್ಲಿ ಜೀಪಿನ ಮೂತಿ ಎದ್ದರೆ ನಾಲ್ಕು ಜನರನ್ನು ಇಳಿಸಿ ಬಾನೆಟಿನ ಮೇಲೆ ಕೂರಿಸುವುದು ನಮ್ಮ ಕಡೆಯ ಕ್ರಮ. ಹಾರಿಸಿದೆ. ಸರಕ್ಕನೆ ಹಾರಿತು! ಲೆಕ್ಕ ಪ್ರಕಾರ ನನಗೆ ತಕರಾರು ಎತ್ತಲಿಕ್ಕೆ ಎಂತದೂ ಇರಲಿಲ್ಲ. ಒಂದೇ ಒಂದು ಕೇಳಿದೆ.

"ಇಷ್ಟು ಜನ ಎದುರು ಕೂತರೆ ನಿಮಗೆ ದಾರಿ ಹೇಗೆ ಕಾಣುದು?"

ಜೀಪಿನಣ್ಣ ಬರೆದು ಕಳಿಸಿದರು. "ಅವರಿಗೆ ಕಾಣ್ತದಲ್ಲ. ಅವರು ಹೇಳ್ತಾರೆ."

ಆದಿತ್ಯವಾರದ ಸರ್ವಿಸು

ಆ ಆಟದಲ್ಲಿ ಒಬ್ಬರ ವಿಮಾನದಲ್ಲಿ ಬೇರೆಯವರು ಅವರವರ ಮನೆಯಿಂದಲೇ ಕೂರಬಹುದು, ಮೈಕಿನಲ್ಲಿ ಮಾತಾಡಬಹುದು. ಆದಿತ್ಯವಾರ ಮಧ್ಯಾಹ್ನ ಪರೀಕ್ಷೆ ಇಟ್ಟೆವು. ಬಾನೆಟಿನ ಮೇಲೆ ಟೀಚರ್ ಮತ್ತು ಕಡಬದವರು. ಹಿಂದೆ ಫುಟ್‌ಬೋರ್ಡಿನಲ್ಲಿ ನಾನು. ಜೀಪಿನಣ್ಣನ ಮೈಕ್ ಆನ್ ಇತ್ತು, ಸ್ವರ ಇರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು, ದೂರದಲ್ಲಿ ಅಡುಗೆಮನೆಯ ಪಾತ್ರೆ ಸದ್ದು.

ಹಾರಿದ್ದೇನೋ ಚೆನ್ನಾಗಿಯೇ ಹಾರಿತು. ಸ್ವಲ್ಪ ಹೊತ್ತಿಗೆ ಎದುರಿಗೆ ಒಂದು ಗುಡ್ಡ ಬಂತು. ಬಾನೆಟಿನವರ ಬೆನ್ನು ಅಡ್ಡ ಇರುವಾಗ ಜೀಪಿನಣ್ಣನಿಗೆ ಅದು ಎಷ್ಟು ಹತ್ತಿರ ಉಂಟೆಂದು ಅಂದಾಜು ಸಿಗುವುದು ಕಷ್ಟ. ಹೇಳಬೇಕಾದವರು ಬಾನೆಟಿನವರು. ಅವರು ಹೇಳಿದರು, ನಮ್ಮ ಊರಿನ ಕ್ರಮದಲ್ಲಿ.

"ಎದುರು ಒಂದು ಗುಡ್ಡ ಉಂಟೋ ಎಂತದೋ" ಅಂದರು ಟೀಚರ್.

"ಹೌದು, ಉಂಟು. ತೊಂದರೆ ಏನಿಲ್ಲ" ಅಂದರು ಕಡಬದವರು.

"ಒಂಚೂರು ಆಚೆಗೆ ಆದರೆ ಒಳ್ಳೆದಿತ್ತೇನೋ."

"ಅವಸರ ಇಲ್ಲ ಅಣ್ಣ, ನಿಮಗೆ ಹೇಗೆ ಅನುಕೂಲವೋ ಹಾಗೆ."

ನನಗೆ ಹಿಂದಿನಿಂದ ಆಕಾಶ ಬಿಟ್ಟರೆ ಬೇರೆ ಎಂತದೂ ಕಾಣುತ್ತಿರಲಿಲ್ಲ. "ಗುಡ್ಡ ಭಾರೀ ಚೆಂದ ಉಂಟು, ಮರ ಎಲ್ಲ ಸರಿಯಾಗಿ ಕಾಣ್ತದೆ ಈಗ" ಅಂತ ಟೀಚರ್ ಇನ್ನೂ ಮರ್ಯಾದೆಯಿಂದ ಹೇಳುತ್ತಿರುವಾಗ ಮೈಕಿನಲ್ಲಿ ಸಿಡಿಲು ಬಡಿದ ಹಾಗಾಯಿತು.

"ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ಧಾಡಿ ನಿಮಗೆ! ಎಡಕ್ಕಾ ಬಲಕ್ಕಾ? ಬಾನೆಟಲ್ಲಿ ಕೂರಿಸಿದ್ದು ಗಾಳಿ ತಿನ್ಲಿಕ್ಕಾ?"

"ಬಲಕ್ಕೆ! ಬಲಕ್ಕೆ!" ಅಂತ ಇಬ್ಬರೂ ಒಟ್ಟಿಗೆ ಕಿರುಚಿದರು. ವಿಮಾನ ಮಗ್ಗುಲಿಗೆ ಬಿತ್ತು, ಗುಡ್ಡದ ಮರಗಳ ತುದಿ ಸವರಿಕೊಂಡು ದಾಟಿತು. ಅಲ್ಲಿಂದ ಜೀಪಿನಣ್ಣನ ಬಾಯಿ ನಿಲ್ಲಲಿಲ್ಲ. ಟೀಚರಿಗೆ ಬಯ್ದರು, ಕಡಬದವರಿಗೆ ಬಯ್ದರು, ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ ಅಂತ ನನಗೂ ಬಯ್ದರು. ಬಯ್ಯುತ್ತಾ ಬಯ್ಯುತ್ತಾ ಹೂವಿನ ಹಾಗೆ ಇಳಿಸಿದರು. ಎಂಜಿನ್ ನಿಂತ ಮೇಲೆ ಜೀಪಿನಣ್ಣನ ಮೈಕಿನಲ್ಲಿ ಆ ಅಕ್ಕ ಬಿಕ್ಕಿ ಬಿಕ್ಕಿ ಅಳುವುದು ಕೇಳಿತು.

ಸಂಜೆ ಅಭಿಪ್ರಾಯ ಬರೆದೆ. "ವಿಮಾನ ಸಾಧಾರಣ. ಡ್ರೈವರ್ ಪಾಸು. ಬಾನೆಟಿನ ಇಬ್ಬರೂ ಫೇಲು."

ಸೋಫಾ

ಆಮೇಲೆ ಜೀಪಿನಣ್ಣ ನಮ್ಮನ್ನೆಲ್ಲ ಮನೆಗೆ ಊಟಕ್ಕೆ ಕರೆದರು. ಬಸ್ಸಿನಲ್ಲಿ ಹೋದೆವು. ಮನುಷ್ಯ ಅಂಗಳದಲ್ಲೇ ಸಿಕ್ಕಿದರು. ಒಂದು ಕಣ್ಣಿಗೆ ಕಪ್ಪು ಗಾಜು, ಹೆಗಲ ಮೇಲೆ ಮೈ ಒರೆಸುವ ಬೈರಾಸು, ಬಾಯಿ ಮಾತ್ರ ನಿಲ್ಲದ ನೀರು. ಆ ಅಕ್ಕ ನನ್ನನ್ನು ಬದಿಗೆ ಕರೆದು ಕೈ ಮುಗಿದರು. ಕಣ್ಣಲ್ಲಿ ನೀರು ತುಂಬಿತ್ತು. "ದೊಡ್ಡ ಉಪಕಾರ ಆಯ್ತು ಮಾಸ್ಟ್ರೇ" ಅಂದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಬಾಯಿಗೆ ರಜೆ ಕೊಡಿ ಅಂತ ಹೇಗಾದರೂ ಒಂದು ಬರೀಲಿಕ್ಕೆ ಆಗ್ತದಾ?" ಅಂದರು.

ಒಳಗೆ ಮೂರು ಜನ ಕೂರುವ ಒಂದು ಮರದ ಸೋಫಾ. ಟೀಚರ್, ಕಡಬದವರು, ನಾನು ಕೂತೆವು. ಮಗಳು ಬಂದಳು. "ನಿಂತದ್ದು ಯಾಕೆ? ಜಾಗ ಉಂಟು, ಜಾಗ ಉಂಟು. ಮಾಸ್ಟ್ರೇ, ಸ್ವಲ್ಪ ಒತ್ತಿ" ಅಂದರು ಜೀಪಿನಣ್ಣ. ಒತ್ತಿದೆವು. ನೆರೆಮನೆಯ ಹೆಂಗಸು ಬಂದರು. "ಒಂದು ಕಾಲು ಹಿಂದೆ, ಒಂದು ಕಾಲು ಮುಂದೆ ಇಟ್ಟರೆ ಆಯ್ತು." ಅವರೂ ಕೂತರು. ನನ್ನ ಸೊಂಟ ಅದರ ಜಾಗದಲ್ಲಿ ಇರಲಿಲ್ಲ. ಅಷ್ಟು ಹೊತ್ತಿಗೆ ಗೇಟಿನ ಹೊರಗೆ ಹಾಲಿನ ಕ್ಯಾನು ಹಿಡಿದುಕೊಂಡು ಒಬ್ಬರು ತಮ್ಮಷ್ಟಕ್ಕೆ ಹೋಗುತ್ತಿದ್ದರು. ಜೀಪಿನಣ್ಣ ಬಾಗಿಲಿಗೆ ಹಾರಿ, "ಓಯ್, ಬನ್ನಿ ಬನ್ನಿ, ಇನ್ನೊಬ್ಬರಿಗೆ ಉಂಟು!" ಅಂತ ಕೈಬೀಸಿ ಕರೆದರು. ಆ ಮನುಷ್ಯ ಯಾಕೆಂದೇ ಗೊತ್ತಿಲ್ಲದೆ ಬಂದು, ಕ್ಯಾನನ್ನು ಟೀಚರರ ತೊಡೆಯ ಮೇಲೆ ಇಟ್ಟು, ನನ್ನ ಮತ್ತು ಕಡಬದವರ ನಡುವೆ ಕೂತರು.

ಲಟಕ್ ಅಂತ ಒಂದು ಸದ್ದು. ಸೋಫಾದ ಎಡಗಾಲು ಮುರಿಯಿತು. ನಾವೆಲ್ಲ ಕ್ಯಾನು ಸಮೇತ ಒಂದೇ ಕಡೆಗೆ ವಾಲಿದೆವು. ಅಕ್ಕ ಅಡುಗೆಮನೆಯಿಂದ ಓಡಿ ಬಂದರು. ನಾನು ಏಳಲಿಕ್ಕೆ ಕೈ ಊರಿದೆ.

ಜೀಪಿನಣ್ಣ ಬೈರಾಸನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, ಮುರಿದ ಕಾಲನ್ನು ಬಗ್ಗಿ ನೋಡಿ, ಗಂಭೀರವಾಗಿ ಕೈ ಎತ್ತಿದರು. "ಯಾರೂ ಇಳೀಬೇಡಿ. ಐದು ನಿಮಿಷ. ಈಗ ಹೊರಡ್ತದೆ."